ನಾಲಿಗೆ ಎತ್ತಿ ತೋರಿಸು

ಕಿಸೆಯ ಮೂಲೆಯಲ್ಲಿ ಬೆರಳಿಗೆ ಏನೋ ಅಂಟಿತು, ನೆನೆದು ಮತ್ತೆ ಒಣಗಿದ ಸೀಮೆಸುಣ್ಣದ ಹಾಗೆ, ಹೊಲಿಗೆಗೆ ಕಚ್ಚಿಕೊಂಡು — ಇರಲಿ, ಏನಿದ್ದೀತು, ಪೆಪ್ಪರಮಿಂಟೋ ಮತ್ತೊಂದೋ, ಕಂಡವರ ಕಿಸೆಗೆ ಕೈ ಹಾಕುವುದೇ ತಾನೆ ಈ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಅವಳ ಹೊಟ್ಟೆಪಾಡು, ಬಟ್ಟೆ ಯಂತ್ರಕ್ಕೆ ಬೀಳುವ ಮೊದಲು ಒಂದೊಂದು ಕಿಸೆಯನ್ನೂ ಒಳಗು ಹೊರಗು ಮಾಡಿ ನೋಡಬೇಕು, ಪೆನ್ನು ಸಿಗುತ್ತದೆ, ಬಸ್ ಟಿಕೆಟ್ಟು ಸಿಗುತ್ತದೆ, ಒಂದು ಸಲ ಯಾರದೋ ಕೋಟಿನಲ್ಲಿ ಹಲ್ಲಿನ ಸೆಟ್ಟೇ ಸಿಕ್ಕಿ ಯಜಮಾನಿ ವಾರವಿಡೀ ನಕ್ಕಿದ್ದಳು — ಆದರೆ ಇದು ಕಂಡವರ ಕಿಸೆಯಲ್ಲ. ಇದು ಗಂಡನ ನೀಲಿ ಮೇಲಂಗಿ, ಲಿಫ್ಟ್ ಕಂಪನಿಯವರು ಕೊಟ್ಟ ಎರಡರಲ್ಲಿ ಒಂದು, ಗ್ರೀಸಿನ ಕಲೆ ಮನೆಯ ಸೋಪಿಗೆ ಬಗ್ಗುವುದಿಲ್ಲವೆಂದು ವಾರಕ್ಕೊಮ್ಮೆ ಅವಳೇ ಇಲ್ಲಿಗೆ ತಂದು ಬೇರೆಯವರ ಬಟ್ಟೆಯ ನಡುವೆ ತೂರಿಸುತ್ತಾಳೆ, ಯಜಮಾನಿಗೆ ಗೊತ್ತು, ಗೊತ್ತಿಲ್ಲದವಳ ಹಾಗಿರುತ್ತಾಳೆ, ಯಾಕೆ ಸುಮ್ಮನಿರುತ್ತಾಳೋ, ಮುಂದೆಂದಾದರೂ ಎತ್ತಿ ಆಡಲಿಕ್ಕೆ ಇರಬೇಕು. ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದಳು. ಮಾತ್ರೆ. ಅರ್ಧ ಕರಗಿದೆ, ಮೇಲಿನ ಹೊಳಪು ಹೋಗಿದೆ, ಆದರೂ ಅದರ ಮೈಮೇಲೆ ಒತ್ತಿದ ಅಕ್ಷರದ ಒಂದು ಕಾಲು ಉಳಿದಿದೆ, ಆ ಅಕ್ಷರ ಅವಳಿಗೆ ಗೊತ್ತು, ದಿನಾ ಸಂಜೆ ಅವಳ ಅಂಗೈಯಿಂದ ಅವನ ನಾಲಿಗೆಗೆ ಹೋಗುವ ಅದೇ ಮಾತ್ರೆ. ಬಾಯಿಗೆ ಹೋಗಿ ಬಂದಿದೆ. ಹೊಟ್ಟೆಗೆ ಹೋಗಿಲ್ಲ. ಉಗಿ ಇಸ್ತ್ರಿಯ ಬುಸ್ ಎನ್ನುವ ಸದ್ದು ದೂರ ಹೋದಂತಾಯಿತು, ಏನ್ರೀ, ಹಲ್ಲಿನ ಸೆಟ್ಟಾ ಮತ್ತೆ, ಎಂದಳು ಯಜಮಾನಿ ಕೌಂಟರಿನಿಂದ, ಏನಿಲ್ಲ ಅಕ್ಕಾ, ಪೆಪ್ಪರಮಿಂಟು.

ಮತ್ತೆ ಶುರು ಮಾಡಿದ್ದಾನೆ. ಮತ್ತೆ. ಅಂದರೆ ಬೆಳಿಗ್ಗೆ ತಿಂಡಿಗೆ ಕೂತವನು ಕುರ್ಚಿಯಲ್ಲಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲುತ್ತ, ಅರ್ಧ ಕೂತು ಅರ್ಧ ನಿಂತು, ಏನಾಯ್ತು ಎಂದರೆ ಏನಿಲ್ಲ, ಲಿಫ್ಟಿನ ಗುಂಡಿಯಲ್ಲಿ ಜಾರ್ದೆ ಅಷ್ಟೆ ಎಂದದ್ದು — ಸುಳ್ಳು, ಜಾರಿದವನು ಸೊಂಟ ಹಿಡಿದುಕೊಳ್ಳುತ್ತಾನೆ, ಇವನು ಮುಟ್ಟಲೂ ಬಿಡಲಿಲ್ಲ, ಎಣ್ಣೆ ಹಚ್ತೀನಿ ಬಾ ಎಂದರೆ ಹೊಸ ಮದುಮಗನ ಹಾಗೆ ನಾಚಿಕೊಂಡು ಕಾಲು ಕಿತ್ತ. ಹೋದ ತಿಂಗಳೂ ಹೀಗೇ ಎರಡು ದಿನ ದಿಂಬಿನ ಮೇಲೆ ಕೂತಿದ್ದ. ಗಂಟುಗಳೆದ್ದಿವೆಯೇ, ಹುಣ್ಣಾಗಿದೆಯೇ, ಎಚ್‌ಐವಿ ಒಳಗೊಳಗೇ ತಲೆ ಎತ್ತಿದರೆ ಹೀಗೆ ಏನೇನೋ ಬರುತ್ತದೆಂದು ಆಗ ಆಸ್ಪತ್ರೆಯಲ್ಲಿ ಹೇಳಿದ್ದರು, ಆಗ, ಅವನು ಮೂಳೆ ಚಕ್ಕಳವಾಗಿ ಮಲಗಿದ್ದಾಗ. ಅವಳು ಮಾತ್ರೆಯ ಚೂರನ್ನು ರಸೀತಿಯ ಹಿಂಭಾಗದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಎಷ್ಟು ದಿನದಿಂದ. ಇದೊಂದು ಸಿಕ್ಕಿತು, ಸಿಗದೆ ಹೋದವು ಎಷ್ಟು, ಬಚ್ಚಲಿಗೆ ಎಷ್ಟು, ಮೋರಿಗೆ ಎಷ್ಟು.

ಆಗ ಇಬ್ಬರಿಗೂ ಹಳೆಯ ಮಾತ್ರೆಯ ಕಾಲ. ಮಲಗುವಾಗ ನುಂಗಬೇಕು, ನುಂಗಿದರೆ ಇಡೀ ನಿದ್ದೆಯ ತುಂಬ ಕನಸು, ಕನಸೆಂದರೆ ಸುಮ್ಮನೆ ಕನಸಲ್ಲ, ಎದ್ದ ಮೇಲೂ ಬಾಗಿಲಲ್ಲಿ ಯಾರೋ ನಿಂತ ಹಾಗೆ, ಅವಳಿಗೆ ಒಂದು ಸಲ ಗೋಡೆಯೆಲ್ಲ ಇರುವೆಯಾಗಿ ಕಂಡು ಪೊರಕೆ ಹಿಡಿದು ಬಡಿದಿದ್ದಳು, ಬೆಳಿಗ್ಗೆ ತಲೆ ಗಿರ್ರೆನ್ನುವುದು, ಅವಳದ್ದೇನು, ನೆಲದ ಮೇಲೆ ನಿಂತು ಮಾಡುವ ಕೆಲಸ, ಗಿರ್ರೆಂದರೆ ಮೇಜು ಹಿಡಿದರಾಯಿತು, ಅವನದ್ದು ಹಾಗಲ್ಲ, ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ನಿಂತು ಕತ್ತಲ ಗುಂಡಿಯಲ್ಲಿ ಹಗ್ಗಕ್ಕೆ ಎಣ್ಣೆ ಹಾಕುವವನು, ತಲೆ ತಿರುಗಿದರೆ ಅಲ್ಲೇ ಮುಗಿಯಿತು. ಮೇಸ್ತ್ರಿಗೆ ಹೇಳುವ ಹಾಗಿಲ್ಲ, ಯಾವ ಮಾತ್ರೆ ಕಣಯ್ಯ ಎಂದು ಕೇಳುತ್ತಾನೆ. ಹೆಂಡತಿಗೆ ಹೇಳಬಹುದಿತ್ತು. ಹೇಳಲಿಲ್ಲ. ಗುಂಡಿಗೆ ಬೀಳುವುದೋ ಕಾಯಿಲೆಗೆ ಬೀಳುವುದೋ ಎಂದು ತಾನೇ ತೂಗಿ ನೋಡಿ, ತಾನೇ ಆರಿಸಿಕೊಂಡು, ಬೆನ್ನ ಹಿಂದೆ ಮಾತ್ರೆ ನಿಲ್ಲಿಸಿಬಿಟ್ಟಿದ್ದ, ಅವಳು ನೋಡಿದರೆ ಅವನು ಸೊರಗುತ್ತಿದ್ದಾನೆ, ಕೆಲಸ ಜಾಸ್ತಿಯಾಯಿತೇನೋ ಎಂದು ಎರಡು ತುತ್ತು ಹೆಚ್ಚು ಬಡಿಸುತ್ತಿದ್ದಳು, ಪೆದ್ದಿ, ಕಿವಿಗೆ ಹೂವಿಟ್ಟುಕೊಂಡು ತಿರುಗಿದ ಪೆದ್ದಿ, ಕೊನೆಗೆ ಉಸಿರಾಡಲಾಗದವನನ್ನು ಆಸ್ಪತ್ರೆಗೆ ಹೊತ್ತು ಹಾಕಿದ ಮೇಲೆ ಡಾಕ್ಟರು ಕೇಳಿದರು, ಮಾತ್ರೆ ತಪ್ಪದೆ ತಗೊಳ್ತಿದ್ರಾ ಇವ್ರು, ಹೌದು ಸಾರ್, ದಿನಾ, ನನ್ನ ಕಣ್ಮುಂದೆನೇ ಸಾರ್ — ಡಾಕ್ಟರು ಅವಳನ್ನು ನೋಡಿದ ನೋಟ, ಅದು ಸುಳ್ಳುಗಾರ್ತಿಯನ್ನು ನೋಡುವ ನೋಟವಲ್ಲ, ಮೋಸಹೋದವಳನ್ನು ನೋಡುವ ನೋಟ, ಅದನ್ನು ಅವಳು ಇನ್ನೂ ಜೀರ್ಣಿಸಿಕೊಂಡಿಲ್ಲ. ಬದುಕಿ ಬಂದ. ಬಂದ ಸಂಜೆಯೇ ಅವಳು ಕಾನೂನು ಮಾಡಿದಳು, ಇನ್ಮೇಲೆ ನನ್ನ ಕೈಯಿಂದ ನೀನು, ನಿನ್ನ ಕೈಯಿಂದ ನಾನು. ಮಾತ್ರೆ ಬದಲಾಯಿತು, ಹೊಸದಕ್ಕೆ ಕನಸಿಲ್ಲ ತಲೆಸುತ್ತಿಲ್ಲ, ಬೇಕಾದ ಹೊತ್ತಿಗೆ ನುಂಗಬಹುದು, ಆದರೆ ಕಾನೂನು ಬದಲಾಗಲಿಲ್ಲ, ಅವನು ಕೆಲಸದಿಂದ ಬಂದ ಕೂಡಲೇ, ಮೇಲಂಗಿ ಕಳಚುವ ಮೊದಲು, ಕೈಕಾಲು ತೊಳೆಯುವ ಮೊದಲು, ಅಂಗಿಯ ಗುಂಡಿಗಳ ಡಬ್ಬಿಯಲ್ಲಿ ಹತ್ತಿಯೊಳಗೆ ಸದ್ದಾಗದ ಹಾಗೆ ಬಚ್ಚಿಟ್ಟ ಎರಡು ಬಾಟಲಿಗಳು ಹೊರಬರುತ್ತವೆ, ಬಾಯಿ ತೆಗಿ, ನೀರು, ಈಗ ನಾಲಿಗೆ ಎತ್ತಿ ತೋರಿಸು. ನಾದಿನಿ ಒಮ್ಮೆ ಬಾಗಿಲ ಸಂದಿಯಿಂದ ನೋಡಿ, ಅಯ್ಯೋ ಈ ವಯಸ್ಸಲ್ಲೂ ಒಬ್ಬರಿಗೊಬ್ಬರು ತುತ್ತು ತಿನ್ನಿಸ್ತಾರಪ್ಪ ಎಂದು ಊರೆಲ್ಲ ಸಾರಿದ್ದಳು, ಸಾರಲಿ, ಹಾಗೆಂದೇ ತಿಳಿಯಲಿ. ನಾಲಿಗೆಯ ಕೆಳಗೆ ನೋಡುತ್ತಿದ್ದಳು. ಕೆನ್ನೆ ನೋಡಿರಲಿಲ್ಲ. ಥೂ, ಕೆನ್ನೆ! ಎಡಗೆನ್ನೆಯೊಳಗೆ, ದವಡೆ ಹಲ್ಲು ಕಿತ್ತ ಜಾಗದಲ್ಲಿ ಒಂದು ಮಾತ್ರೆ ಆರಾಮವಾಗಿ ಕೂರುತ್ತದೆ, ಹೊರಗಿನಿಂದ ನೋಡಿದರೆ ಸಣ್ಣದೊಂದು ಉಬ್ಬು, ಕಡಲೆಕಾಳಷ್ಟು, ಅವನು ಅವಳತ್ತ ನಗುವಾಗ ಆ ಉಬ್ಬೂ ನಗುತ್ತಿತ್ತೇ.

ತಲೆನೋವು ಅಕ್ಕಾ, ಸ್ವಲ್ಪ ಬೇಗ ಹೋಗ್ಲಾ ಎಂದಳು, ಯಜಮಾನಿ ಮೇಲಿನಿಂದ ಕೆಳಗೆ ನೋಡಿ, ಮೈ ಕೈ ತುಂಬ್ಕೊಂಡಿದ್ದೀರಿ ಈಚೆಗೆ, ಏನಾದ್ರೂ ಸಿಹಿ ಸುದ್ದಿನಾ, ಈ ವಯಸ್ಸಿಗೆ ಸಿಹಿ ಸುದ್ದಿಯಂತೆ, ಹೊಸ ಮಾತ್ರೆಗೆ ಹಸಿವು ಜಾಸ್ತಿ, ರವಿಕೆಗಳ ಹೊಲಿಗೆಯನ್ನೆಲ್ಲ ಅವಳೇ ಬಿಚ್ಚಿ ಬಿಚ್ಚಿ ಒಳಗೆ ಮಡಿಸಿದ ಬಟ್ಟೆ ಮುಗಿದುಹೋಗಿದೆ, ಅದನ್ನು ಈ ಮಹಾತಾಯಿಗೆ ಹೇಳಲಾಗುತ್ತದೆಯೇ, ಗಾಳಿಗೇ ಊದ್ಕೋತೀನಿ ಅಕ್ಕಾ ಎಂದು ನಕ್ಕು ಬೀದಿಗಿಳಿದಳು. ದಪ್ಪಗಿದ್ದರೆ ಒಳ್ಳೆಯದೇ, ದಪ್ಪಗಿರುವವರಿಗೆ ಆ ಕಾಯಿಲೆ ಇದ್ದೀತೆಂದು ಯಾರಿಗೂ ಹೊಳೆಯುವುದಿಲ್ಲ. ಕ್ಲಿನಿಕ್ಕಿಗೆ ಹೋಗುವುದೇ ಸರಿ, ಕೇಳುವುದೇ ಸರಿ, ಏನೆಂದು ಕೇಳುವುದು, ನನ್ನ ಗಂಡ ಕದ್ದು ಮಾತ್ರೆ ಉಗಿತಿದ್ದಾನೆ, ರಕ್ತ ಪರೀಕ್ಷೆಯಲ್ಲಿ ನಿಮಗೆ ಗೊತ್ತಾಗ್ಲಿಲ್ವಾ ಎಂದೇ. ಅಥವಾ ಅವರಿಗೂ ಗೊತ್ತಿದೆಯೇ. ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲವೇ. ಮೂರ್ನಾಲ್ಕು ತಿಂಗಳ ಹಿಂದೆ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ಈಗ ಸೂಜಿನೂ ಬಂದಿದೆ, ಮೊದಲೆರಡು ಸಲ ತಿಂಗಳಿಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ಬಂದು ಚುಚ್ಚಿಸ್ಕೊಂಡ್ರೆ ದಿನಾ ಮಾತ್ರೆ ಬೇಡ, ನಿಮ್ಮಿಬ್ರ ರಿಪೋರ್ಟೂ ಚೆನ್ನಾಗಿದೆ, ಆಯ್ಕೆ ನಿಮ್ದು ಎಂದಿದ್ದಳು, ಆಯ್ಕೆ ನಿಮ್ದು! ಇಷ್ಟು ವರ್ಷ ಇದು ನುಂಗಿ, ಅದು ಬಿಡಿ, ಇಲ್ಲಿ ಸಹಿ ಹಾಕಿ ಎಂದವರು ಇದ್ದಕ್ಕಿದ್ದಂತೆ ಮರ್ಯಾದೆ ಕೊಟ್ಟು ಕೇಳಿದರೆ ಏನೋ ಇದೆ ಎಂದೇ ಅರ್ಥ, ಅಂಗಡಿಯವನು ಎದ್ದು ನಿಂತು ಬನ್ನಿ ಬನ್ನಿ ಎಂದರೆ ಮಾಲು ಉಳಿದುಹೋಗಿದೆ ಎಂದೇ ಅರ್ಥ. ಮಾತ್ರೆಯಾದರೆ ಕಣ್ಣಿಗೆ ಕಾಣುತ್ತದೆ. ಕೈಗೆ ಸಿಗುತ್ತದೆ. ಸೂಜಿಯಲ್ಲಿ ಏನು ಹೋಯಿತೋ, ಹೋದದ್ದು ಉಳಿಯಿತೋ, ಯಾರು ಕಂಡರು. ನಮಗೆ ಬೇಡ ಮೇಡಂ ಎಂದುಬಿಟ್ಟಿದ್ದಳು. ಅವನು ಆಗ ಏನೋ ಹೇಳಲು ಬಾಯಿ ತೆರೆದಿದ್ದನೇ, ನೆನಪಿಲ್ಲ, ತೆರೆದಿದ್ದರೂ ಮುಚ್ಚಿಕೊಂಡಿರಬೇಕು.

ಕ್ಲಿನಿಕ್ಕಿನ ಬೆಂಚುಗಳೆಲ್ಲ ಗೋಡೆಗೆ ಮುಖ ಮಾಡಿವೆ, ಒಬ್ಬರ ಮುಖ ಒಬ್ಬರು ನೋಡಬಾರದೆಂದು ಯಾರೋ ಪುಣ್ಯಾತ್ಮರು ಹಾಗಿಡಿಸಿದ್ದಾರೆ, ಇಲ್ಲಿ ಯಾರೂ ಯಾರ ಹೆಸರೂ ಕೇಳುವುದಿಲ್ಲ, ಬೀದಿಯಲ್ಲಿ ಸಿಕ್ಕರೆ ಗುರುತು ಹಿಡಿಯುವುದಿಲ್ಲ, ಆದರೂ ವರ್ಷಗಟ್ಟಲೆ ನೋಡಿ ನೋಡಿ ಅವಳು ಎಲ್ಲರಿಗೂ ಒಂದೊಂದು ಹೆಸರಿಟ್ಟಿದ್ದಾಳೆ, ಉಗುರು ಕಚ್ಚುವವಳು, ಮೀಸೆ ಮಾವ, ಟೋಪಿಯವರು. ಟೋಪಿಯವರು ಇವತ್ತೂ ಇದ್ದಾರೆ. ಗೋಡೆಗೆ ಒರಗಿ ನಿಂತಿದ್ದಾರೆ, ಬೆಂಚು ಖಾಲಿಯಿದ್ದರೂ ಕೂರುತ್ತಿಲ್ಲ, ನರ್ಸು ಸ್ವಲ್ಪ ಕೂತ್ಕೊಳ್ಳಿ ಎಂದು ಕೂಗಿದ ಮೇಲೆ ಮೆಲ್ಲಗೆ ಇಳಿದು ಎಡಕ್ಕೊಮ್ಮೆ ವಾಲಿ, ಮುಖ ಕಿವುಚಿ, ಬಲಕ್ಕೊಮ್ಮೆ ವಾಲಿ — ಅವಳ ಮೈಯೆಲ್ಲ ಕಣ್ಣಾಯಿತು. ಅದೇ ವಾಲುವಿಕೆ. ತಿಂಡಿಯ ಹೊತ್ತಿನ ಅದೇ ಅರ್ಧ ಕೂರುವಿಕೆ. ಇಷ್ಟು ವರ್ಷದಲ್ಲಿ ಮೊದಲ ಸಲ ಮಾತಾಡಿಸಿದಳು, ಯಾಕಣ್ಣ, ಬಿದ್ರಾ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿ, ಬಿದ್ದಿಲ್ಲಮ್ಮ, ಮೊನ್ನೆ ಹಾಕಿಸ್ಕೊಂಡ ಸೂಜಿ, ನೋವಿಳೀಲಿಲ್ಲ ಅಂತ ತೋರಿಸೋಕೆ ಬಂದೆ. ಎರಡೂ ಕುಂಡೆಗೆ ಒಂದೊಂದು. ಎರಡು ದಿನ ಹಾಸಿಗೆ ಮೇಲೆ ಬೋರಲು ಬಿದ್ಕೋಬೇಕು, ಆಮೇಲೆ ಎರಡು ತಿಂಗಳು ರಾಜ. ಮನೇಲಿ ಒಂದು ಮಾತ್ರೆ ಇಲ್ಲ, ಬಾಟ್ಲಿ ಇಲ್ಲ, ಸೊಸೆ ಬೀರು ಕ್ಲೀನ್ ಮಾಡ್ತೀನಿ ಅಂದ್ರೆ ಎದೆ ಹೊಡ್ಕೊಳ್ಳಲ್ಲ, ಮಗನ ಮನೆಗೆ ಹೋಗಿ ಒಂದು ವಾರ ಇದ್ದು ಬಂದೆ ಕಣಮ್ಮ, ಗುಟ್ಟು ಜೇಬಲ್ಲಿ ಇಟ್ಕೊಳ್ದೆ. ನಿಮ್ಮ ಯಜಮಾನ್ರೂ ಮೊನ್ನೆ ನನ್ನ ಹಿಂದೇನೇ ಇದ್ರಲ್ಲ — ಎಂದವರು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು, ಟೋಪಿ ಸರಿಮಾಡಿಕೊಂಡರು, ಗೋಡೆ ನೋಡತೊಡಗಿದರು. ಅವಳು ಎದ್ದಳು. ನರ್ಸು ಯಾರಮ್ಮ ಮುಂದಿನೋರು ಎಂದಳು. ನಾನಲ್ಲ.

ಸಾಯುತ್ತಿಲ್ಲ. ಸಾಯುತ್ತಿಲ್ಲ, ಅಷ್ಟು ಸಾಕು ಎಂದುಕೊಂಡಳು ರಸ್ತೆ ದಾಟುವಾಗ, ಕಣ್ಣು ತುಂಬಿ ಬಂತು, ಒರೆಸಿಕೊಂಡಳು, ದಾಟಿ ಆಚೆ ಬದಿ ಮುಟ್ಟುವಷ್ಟರಲ್ಲಿ ಇನ್ನೊಂದು ಎದ್ದು ಕೂತಿತು — ಹಾಗಾದರೆ ಗುಟ್ಟು ಯಾಕೆ. ಮಾತ್ರೆಯೇ ಬೇಡದವನು ದಿನಾ ಸಂಜೆ ಬಾಯಿ ತೆರೆದು ನಿಲ್ಲುವುದು ಯಾಕೆ, ಕೆನ್ನೆಯಲ್ಲಿಟ್ಟುಕೊಂಡು, ನೀರು ಕುಡಿದಂತೆ ಮಾಡಿ, ನಾಲಿಗೆ ಎತ್ತಿ ತೋರಿಸಿ, ಆಮೇಲೆ ಬಚ್ಚಲಿಗೆ ಹೋಗಿ ಉಗಿದು, ಯಾಕೆ ಈ ನಾಟಕ, ಸಂಜೆ ಮನೆಗೆ ಬಂದೇ ತೀರಬೇಕೆಂಬ ಕಟ್ಟು ಬಿಚ್ಚಿಕೊಂಡಿದ್ದಾನಲ್ಲ, ಈಗ ಯಾವ ಊರಿಗೆ ಬೇಕಾದರೂ ಹೋಗಬಹುದು, ಯಾವ ಮನೆಯಲ್ಲಿ ಬೇಕಾದರೂ ಉಳಿಯಬಹುದು, ಜೇಬಿನಲ್ಲಿ ಮಾತ್ರೆ ಇಲ್ಲದವನನ್ನು ಯಾವಳೂ ಏನೂ ಕೇಳುವುದಿಲ್ಲ. ಯಾವಳು. ಹಾಗೆ ನೋಡಿದರೆ ಶುರುವಿನಲ್ಲಿ ಯಾವಳು ಎಂದು ಅವಳು ಕೇಳಿಯೇ ಇಲ್ಲ, ಇಬ್ಬರ ರಿಪೋರ್ಟೂ ಒಂದೇ ದಿನ ಬಂದವು, ಅವನು ಅವಳನ್ನು ನೋಡಿದ, ಅವಳು ಅವನನ್ನು ನೋಡಿದಳು, ಅವನಿಂದಲೇ ಎಂದು ಅವಳು ಒಳಗೇ ತೀರ್ಪು ಕೊಟ್ಟು ಬಾಗಿಲು ಹಾಕಿಕೊಂಡಳು, ಆದರೆ ಅದಕ್ಕೂ ಮೊದಲು ಅವಳಿಗೆ ಹೆರಿಗೆಯಲ್ಲಿ ರಕ್ತ ಹೋಗಿ ಮಗು ಉಳಿಯದೆ ಯಾರದೋ ಎರಡು ಬಾಟಲಿ ರಕ್ತ ಏರಿಸಿದ್ದರಲ್ಲ, ಅದು ಯಾರ ರಕ್ತವೋ, ಅವನೂ ಅದನ್ನೇ ಯೋಚಿಸಿ ಬಾಗಿಲು ಹಾಕಿಕೊಂಡಿದ್ದನೇ, ಯಾರಿಂದ ಯಾರಿಗೆ ಎಂಬ ಮಾತು ಇಬ್ಬರ ನಡುವೆ ಮೂರನೆಯವರ ಹಾಗೆ ಮಲಗುತ್ತಾ ಬಂದಿದೆ. ಮತ್ತೆ ಆ ಕಿಸೆ, ಅದೂ ವಿಚಿತ್ರ, ದಿನಾ ಕಿಸೆ ನೋಡುವವಳ ಗಂಡ ಕಿಸೆಯಲ್ಲೇ ಬಿಡುತ್ತಾನೆಯೇ, ಅಷ್ಟು ವರ್ಷ ಕಣ್ಣಿಗೆ ಮಣ್ಣೆರಚುವುದು ಗೊತ್ತಿದ್ದವನು, ಮರೆತನೋ, ಸಿಗಲಿ ಎಂದೇ ಬಿಟ್ಟನೋ. ಮನೆಯ ಬಾಗಿಲು ತೆಗೆದಳು, ದೀಪ ಹಾಕಿದಳು, ಗುಂಡಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಳು, ಅವನ ಎಡಗೆನ್ನೆ ಕಣ್ಣ ಮುಂದೆ ಬಂತು, ಹೋಗಲಿಲ್ಲ.

ಬಂದ. ಬಾಗಿಲಲ್ಲೇ ಡಬ್ಬಿ ನೋಡಿ, ಅವಳ ಮುಖ ನೋಡಿ, ಮೇಜಿನ ಮೇಲೆ ಬಿಚ್ಚಿಟ್ಟ ರಸೀತಿಯಲ್ಲಿನ ಬಿಳಿ ಚೂರು ನೋಡಿ ಅಲ್ಲೇ ನಿಂತ. ಕೂತ್ಕೋ ಎಂದಳು. ನಿಂತೇ ಇರ್ತೀನಿ ಎಂದ. ಹೌದೌದು, ಕೂರೋಕೆ ಕಷ್ಟ ಅಲ್ವಾ, ಪಾಪ, ಎಂದಳು, ಆ ಪಾಪ ಎಂಬ ಮಾತಿಗೇ ಎಲ್ಲ ತಿಳಿದು ಅವನು ಹೆಗಲ ಚೀಲ ಇಳಿಸಿದ. ಯಾರು ಹೇಳಿದ್ರು. ಯಾರು ಹೇಳಿದ್ರೇನು, ನೀನಂತೂ ಹೇಳ್ಲಿಲ್ಲ. ಹೇಳೋಕೆ ಬಂದಿದ್ದೆ, ಡಾಕ್ಟರಮ್ಮ ಕೇಳಿದ್ದು ಇಬ್ಬರನ್ನ, ನಮಗೆ ಬೇಡ ಅಂದಿದ್ದು ನೀನೊಬ್ಬಳೇ. ನಿನಗೂ ಬೇಡ ಅಂದ್ಕೊಂಡೆ. ನನ್ನ ಕೇಳಿದ್ಯಾ — ಅವನ ದನಿ ಏರಲಿಲ್ಲ, ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು — ಕ್ಲಿನಿಕ್ಕಿಂದ ಬಾಟ್ಲಿ ತಂದ ದಿನ ಮೇಲೆ ಕೆಲಸ ಮಾಡ್ತಿರ್ತೀನಿ, ಕೆಳಗೆ ಹುಡುಗ್ರು ನನ್ನ ಚೀಲದಲ್ಲಿ ಬೀಡಿ ಹುಡುಕ್ತಾರೆ, ನನ್ನ ಜೀವ ಚೀಲದಲ್ಲಿರುತ್ತೆ, ದೂರದ ಕೆಲಸ ಬಂದ್ರೆ ಒಲ್ಲೆ ಅಂತೀನಿ, ಯಾಕಪ್ಪ ಹೆಂಡ್ತಿ ಹೊಡೀತಾಳಾ ಅಂತಾರೆ, ಹೌದು ಅಂತೀನಿ, ಸಂಜೆ ಆಯ್ತು ಅಂದ್ರೆ ನೆನಪಾಗ್ಬೇಕು, ನಾನು ರೋಗಿ, ನಾನು ರೋಗಿ, ದಿನಾ. ಎರಡು ತಿಂಗಳಲ್ಲಿ ಎರಡು ದಿನ ನೋವು ತಿಂತೀನಿ, ಉಳಿದ ದಿನ ಮರೀತೀನಿ ಕಣೇ. ಮರೆತರೆ ಮರೀಲಿ, ಎಂದಿತು ಅವಳ ಮನಸ್ಸಿನ ಒಂದು ತುಂಡು, ಇನ್ನೊಂದು ತುಂಡು ಎಂದಿತು, ಸುಳ್ಳಿರಬಹುದು. ಎಲ್ಲಿ, ತೋರ್ಸು, ಎಂದಳು. ಏನು. ಸೂಜಿ ಚುಚ್ಚಿದ ಜಾಗ. ಅವನು ಅವಳನ್ನೇ ಒಂದು ಗಳಿಗೆ ನೋಡಿ, ಕಿಟಕಿಯ ಪರದೆ ಎಳೆದು, ಬೆನ್ನು ತಿರುಗಿಸಿ ಪ್ಯಾಂಟು ಇಳಿಸಿದ, ಎರಡು ಕಡೆ ಎರಡು ದುಂಡನೆಯ ಪ್ಲಾಸ್ಟರು, ಒಂದರ ಸುತ್ತ ಹಸಿರುಗಟ್ಟಿದ ಕಂದು, ನಗು ಬರಬೇಕಿತ್ತು, ಬೇರೆ ಯಾವ ದಿನವಾಗಿದ್ದರೂ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು, ಅವಳಿಗೆ ಹೊಳೆದದ್ದು ಒಂದೇ, ಪ್ಲಾಸ್ಟರನ್ನು ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಹಾಗೆ ಹೊಳೆದದ್ದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಸರಿ, ಸೂಜಿ ಹಾಕಿಸ್ಕೊಂಡೆ, ಒಳ್ಳೇದಾಯ್ತು, ನನ್ನ ಕೈಯಿಂದ ಮಾತ್ರೆ ಯಾಕೆ ಇಸ್ಕೊಂಡೆ, ಅಷ್ಟು ಹೇಳು, ನನ್ನ ಆಡಿಸಿದ್ಯಾ, ಒಳಗೊಳಗೆ ನಕ್ಕಿದ್ಯಾ. ಅವನು ಪ್ಯಾಂಟು ಸರಿಮಾಡಿಕೊಂಡು ಈ ಕಡೆ ತಿರುಗಿದ, ಗ್ರೀಸಿನ ಕೈಯನ್ನು ಮೇಲಂಗಿಗೆ ಒರೆಸಿದ, ಮತ್ತೆ ಒರೆಸಿದ, ಇದ್ದ ಬಾಟ್ಲಿ ಖಾಲಿಯಾಗೋದ್ರೊಳಗೆ ಹೇಳ್ಬೇಕು ಅಂತಿದ್ದೆ, ಎಂದ, ದಿನಾ ಅಂದ್ಕೊಂಡೇ ಮೆಟ್ಲು ಹತ್ತೀನಿ, ಆದ್ರೆ ನಾನು ನಾಲಿಗೆ ಎತ್ತಿ ತೋರಿಸ್ತೀನಲ್ಲ, ನೀನು ಬಗ್ಗಿ ನೋಡ್ತೀಯ, ನೋಡಿ ಸರಿ ಅಂತೀಯ — ಆಗ ಒಂದು ಗಳಿಗೆ ನೀನು ನನ್ನ ನಂಬ್ತೀಯ. ಇಡೀ ದಿನದಲ್ಲಿ ಅದೊಂದೇ ಗಳಿಗೆ. ಆಸ್ಪತ್ರೆಯಿಂದ ಬಂದ್ಮೇಲೆ ನನಗೆ ಸಿಕ್ಕಿರೋದು ಅಷ್ಟೇ. ಅದನ್ನೂ ಕಳ್ಕೋಬೇಕಲ್ಲ ಅಂತ. ಅವಳು ಇಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದದ್ದು ಅವನ ಜೀವ ಉಳಿಸಲಿಕ್ಕೆ, ಉಳಿಸಿದ್ದಾಳೆ, ಯಾರಾದರೂ ಇಲ್ಲವೆನ್ನಲಿ ನೋಡೋಣ, ಆದರೆ ಉಳಿಸಿ ಅವನನ್ನು ಎಲ್ಲಿಟ್ಟಿದ್ದಾಳೆ, ಇದೂ ಒಂದು ಮಾತೇ ಇರಬಹುದು, ಅವಳನ್ನು ಕರಗಿಸಲು ಮೆಟ್ಟಿಲಿನ ಮೇಲೆ ಹೊಸೆದುಕೊಂಡು ಬಂದ ಮಾತು, ಮಾತಿನಲ್ಲಿ ಅವನು ಯಾವಾಗಲೂ ಜಾಣ, ಇಲ್ಲ, ಜಾಣನಲ್ಲ, ಜಾಣನಾಗಿದ್ದರೆ ಕಿಸೆಯಲ್ಲಿ — ಕಿಸೆಯಲ್ಲಿ ಯಾಕೆ ಬಿಟ್ಟೆ ಎಂದಳು. ಎಲ್ಲೋ ಲಿಫ್ಟ್ ಸಿಕ್ಕಿಕೊಂಡಿದೆ ಅಂತ ಫೋನ್ ಬಂತು, ಓಡ್ದೆ, ಮರ್ತೆ ಎಂದ. ಮರ್ತ್ಯಾ? ಗೊತ್ತಿಲ್ಲ ಎಂದ.

ಹೊತ್ತಾಗುತ್ತಿದೆ. ಅವಳ ಮಾತ್ರೆಯ ಹೊತ್ತು. ಅವನೇ ಡಬ್ಬಿ ತೆರೆದು, ಹತ್ತಿ ಸರಿಸಿ, ಅವಳ ಬಾಟಲಿಯಿಂದ ಒಂದನ್ನು ತೆಗೆದು ಅವಳ ಬಾಯಿಗಿಟ್ಟ, ಗ್ರೀಸಿನ ವಾಸನೆ, ನೀರು, ಗುಳುಂ, ಅವಳು ಅಭ್ಯಾಸಬಲದಿಂದ ನಾಲಿಗೆ ಎತ್ತಿದಳು, ಅವನು ನೋಡಲಿಲ್ಲ. ಇವನು ಎಂದಾದರೂ ನೋಡಿದ್ದನೇ, ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಬಗ್ಗಿ ನೋಡಿದ್ದನೇ, ಅವಳು ತೋರಿಸುತ್ತಿದ್ದಳು, ಅವನು ಆಗಲೇ ಮುಚ್ಚಳ ಹಾಕುತ್ತಿದ್ದ. ಈಗ ಅವನ ಬಾಟಲಿ ಉಳಿದಿದೆ, ತಳದಲ್ಲಿ ಕೆಲವು. ನಿನ್ನ ಇಷ್ಟ, ಎಂದ, ಆಯ್ಕೆ ನಿನ್ನದು ಎಂದಂತೆಯೇ ಕೇಳಿಸಿತು. ಬೇಡದ ಮಾತ್ರೆ. ಕೊಡದಿದ್ದರೆ ನಾಳೆಯಿಂದ ಈ ಹೊತ್ತಿಗೆ ಏನು ಮಾಡುವುದು, ಅವನು ಬಂದ ಕೂಡಲೇ ಏನು ನೋಡುವುದು, ಯಾವುದನ್ನು ನೋಡಿ ಸರಿ ಎನ್ನುವುದು. ಬಾಯಿ ತೆಗಿ ಎಂದಳು. ತೆಗೆದ. ಇಟ್ಟಳು. ನೀರು ಕೊಟ್ಟಳು, ಕುಡಿದ. ನಾಲಿಗೆ ಎತ್ತಿ ತೋರಿಸು. ಎತ್ತಿದ, ಕೆಳಗೆ ಏನೂ ಇಲ್ಲ, ಗುಲಾಬಿ ಬಣ್ಣ, ಒಂದು ನೀಲಿ ನರ, ಅವಳು ಬಗ್ಗಿ ನೋಡಿದಳು, ಈಗ ಬರಬೇಕು ಆ ಗಳಿಗೆ, ಅವನು ಹೇಳಿದ ಗಳಿಗೆ, ಅವನು ಕಾಯುತ್ತಿದ್ದಾನೆ, ನುಂಗುತ್ತಿಲ್ಲ, ಉಗಿಯಲು ಹೋಗುತ್ತಿಲ್ಲ, ಸರಿ ಎನ್ನಬೇಕು, ಒಂದು ಮಾತು, ಸರಿ, ನಾಲಿಗೆಯ ತುದಿಯಲ್ಲೇ ಇದೆ, ಅವನ ಕಣ್ಣು ನೋಡಿ ಹೇಳಿದರಾಯಿತು, ಕಣ್ಣು ನೋಡಬೇಕು, ನೋಡುತ್ತೇನೆ, ಆದರೆ ಕಣ್ಣಿನ ಕೆಳಗೆ, ಎಡಕ್ಕೆ, ಇವತ್ತು ಅವನು ಅಡಗಿಸದೆ ಬಿಟ್ಟ ಆ ಉಬ್ಬು, ಕೆನ್ನೆಯಲ್ಲಿ, ಕಡಲೆಕಾಳಷ್ಟು, ಉಬ್ಬು